ಮೂರನೆಯ ಕಪಾಟಿನ ಕಪ್ಪೆಗಳು

ಇನ್ನು ಎರಡು ಗಂಟೆ ಸುಮ್ಮನೆ ಕೂತಿದ್ದರೆ ಸಾಕು ಎಂದುಕೊಂಡು ಅವಳು ಮೇಜಿನ ಮುಂದೆ ಕೂತಳು. ಕೂತ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಜಿನ ಮೇಲಿಟ್ಟರೆ ಪರೀಕ್ಷೆ ಬರೆಯಲು ಬಂದವಳ ಹಾಗೆ, ಮಡಿಲಲ್ಲಿಟ್ಟರೆ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುವವಳ ಹಾಗೆ ಆಗುತ್ತಿತ್ತು. ಈ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದಾಳೆ. ಕೆಲಸದ ಹೊತ್ತಿನಲ್ಲಿ ಹೀಗೆ ಕೈಕಟ್ಟಿ ಕೂತದ್ದು ಇದೇ ಮೊದಲು. ಕುರ್ಚಿಯನ್ನು ಬೇಕೆಂದೇ ಬಾಗಿಲ ಕಡೆ ತಿರುಗಿಸಿಕೊಂಡಿದ್ದಾಳೆ. ಬೆನ್ನ ಹಿಂದೆ ಮೂರನೆಯ ಕಪಾಟು, ಅದರ ಕೆಳಗಿನ ಸಾಲಿನಲ್ಲಿ ಹದಿನೆಂಟು ಜಾಡಿ, ಒಂದೊಂದರಲ್ಲಿ ಒಂದೋ ಎರಡೋ ಕಪ್ಪೆ. ಹನ್ನೊಂದು ಗಂಟೆಗೆ ಹಣಕಾಸು ಕಚೇರಿಯ ಅಧಿಕಾರಿ ಬರುತ್ತಾರೆ, ಆ ಸಾಲನ್ನು ನೋಡುತ್ತಾರೆ, ನೋಡಿ ಹೌಹಾರುತ್ತಾರೆ, ಈ ಕೋಣೆಗೆ ಒಬ್ಬರು ಬೇಕೇ ಬೇಕು ಎಂದು ಬರೆದುಕೊಂಡು ಹೋಗುತ್ತಾರೆ. ಉಪಾಯ ಇಷ್ಟೇ. ಸುಮ್ಮನೆ ಕೂತಿದ್ದರೆ ಅವಳ ಹುದ್ದೆ ಉಳಿಯುತ್ತದೆ. ಎದ್ದು ತನ್ನ ಕೆಲಸ ತಾನು ಮಾಡಿದರೆ ಹೋಗುತ್ತದೆ. ಇಂಥ ಪೇಚಾಟ ಯಾರಿಗಾದರೂ ಬಂದೀತೇ ಎಂದು ಒಂದು ಸಲ ನಗು ಬಂತು, ಆಮೇಲೆ ಬೆನ್ನು ತಣ್ಣಗಾಯಿತು. ಕಪ್ಪೆಗಳು ಬೆನ್ನನ್ನೇ ನೋಡುತ್ತಿವೆ ಎನ್ನಿಸಿತು. ಸತ್ತು ಮೂವತ್ತು ವರ್ಷವಾದ ಕಪ್ಪೆಗಳು ಏನು ನೋಡಿಯಾವು ಎಂದು ತನ್ನನ್ನೇ ಗದರಿಕೊಂಡಳು, ಆದರೆ ತಿರುಗಿ ನೋಡಲಿಲ್ಲ.

ಇದು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಮಾದರಿಗಳ ಕೋಣೆ. ನಾಲ್ಕು ಸಾವಿರದ ನೂರಾ ಹನ್ನೆರಡು ಗಾಜಿನ ಜಾಡಿ, ಜಾಡಿಯ ತುಂಬ ಸ್ಪಿರಿಟ್ಟು, ಸ್ಪಿರಿಟ್ಟಿನಲ್ಲಿ ಮೀನು, ಹಾವು, ಹಲ್ಲಿ, ಬಾವಲಿ. ನೂರು ವರ್ಷದ ಹಿಂದೆ ಯಾರೋ ಹಿಡಿದು ತಂದದ್ದೂ ಇದೆ, ಹೋದ ವರ್ಷದ್ದೂ ಇದೆ. ಮುಚ್ಚಳ ಎಷ್ಟೇ ಬಿಗಿ ಇರಲಿ, ಸ್ಪಿರಿಟ್ಟು ಆರುತ್ತದೆ. ಆರಿದಷ್ಟನ್ನು ತುಂಬಬೇಕು. ಬರೀ ಸ್ಪಿರಿಟ್ಟು ಹೊಯ್ದರೆ ಪ್ರಾಣಿಯ ಮೈ ಸುಕ್ಕುಗಟ್ಟುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ, ಹಾಗಾಗಿ ಜಾಡಿ ಜಾಡಿಗೂ ಅಳೆದು ಬೆರೆಸಿ ಹಾಕಬೇಕು. ಬಾಗಿಲ ಬಳಿಯಿಂದ ತುಂಬುತ್ತ ಹೊರಟರೆ ಕಿಟಕಿ ಮುಟ್ಟುವ ಹೊತ್ತಿಗೆ ಬಾಗಿಲ ಬಳಿಯದು ಇಳಿದಿರುತ್ತದೆ. ಮತ್ತೆ ಅಲ್ಲಿಂದ ಶುರು. ಅವಳಿಗೆ ಈ ಕೆಲಸ ಕಲಿಸಿದ ಮುದುಕ ಆರು ತಿಂಗಳು ಅಳತೆಯ ಗಾಜು ಮುಟ್ಟಗೊಟ್ಟಿರಲಿಲ್ಲ. ‘ಮೊದ್ಲು ಮುಚ್ಚಳದ ಸದ್ದು ಕೇಳೋದು ಕಲೀಮ್ಮಾ’ ಎನ್ನುತ್ತಿದ್ದ. ತಿರುಗಿಸಿದಾಗ ಕಿರ್ ಎಂದರೆ ಒಳಗೆ ಗಾಳಿ ಹೋಗುತ್ತಿದೆ ಎಂದು ಅರ್ಥ. ಸದ್ದೇ ಇಲ್ಲದೆ ಎಣ್ಣೆ ಹಚ್ಚಿದ ಹಾಗೆ ಜಾರಿದರೆ ಸರಿಯಾಗಿದೆ. ಈಗ ಅವಳಿಗೆ ಮುಚ್ಚಳ ಮುಟ್ಟದೆಯೂ ಗೊತ್ತಾಗುತ್ತದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೆ ವಾಸನೆಯಲ್ಲೇ ಯಾವ ಕಪಾಟು ಸೋರುತ್ತಿದೆ ಎಂದು ಹೇಳಬಲ್ಲಳು. ಹೇಳಲು ಕೇಳುವವರು ಯಾರೂ ಇಲ್ಲ, ಅದು ಬೇರೆ ಮಾತು. ಎರಡು ತಿಂಗಳ ಹಿಂದೆ ಹಣಕಾಸು ಕಚೇರಿಯಿಂದ ತುಂಬಿ ಕಳಿಸಲು ಒಂದು ನಮೂನೆ ಬಂತು. ವಿಶ್ವವಿದ್ಯಾಲಯಕ್ಕೆ ಬರುವ ಅನುದಾನ ಕಡಿಮೆಯಾಗಿದೆ, ಎಲ್ಲ ವಿಭಾಗಗಳೂ ಖರ್ಚಿನಲ್ಲಿ ಕೈ ಬಿಗಿ ಹಿಡಿಯಬೇಕು, ಆದ್ದರಿಂದ ಪ್ರತಿ ಘಟಕವೂ ಈ ಕೆಳಗಿನ ವಿವರ ಕೊಡಬೇಕು: ಈ ವರ್ಷ ಬಂದ ಸೇವಾ ಬೇಡಿಕೆಗಳು ಎಷ್ಟು? ದೂರುಗಳು ಎಷ್ಟು? ಅವಳು ಎರಡರ ಎದುರೂ ಸೊನ್ನೆ ಬರೆದಳು. ಎರಡನೆಯ ಸೊನ್ನೆಯನ್ನು ಸ್ವಲ್ಪ ದೊಡ್ಡದಾಗಿ, ಗುಂಡಗೆ ಬರೆದಿದ್ದಳು. ಮೂರು ವಾರದ ಮೇಲೆ ಉತ್ತರ ಬಂತು: ಬೇಡಿಕೆ ಇಲ್ಲ, ದೂರಿಲ್ಲ, ಹಾಗಾಗಿ ಹುದ್ದೆಯ ಅಗತ್ಯ ಕಾಣುವುದಿಲ್ಲ, ಕೋಣೆಗೆ ಬೀಗ ಹಾಕಿ, ಸಿಬ್ಬಂದಿಯನ್ನು ಪರೀಕ್ಷಾ ವಿಭಾಗಕ್ಕೆ ಉತ್ತರಪತ್ರಿಕೆಗಳಿಗೆ ನಂಬರು ಅಂಟಿಸಲು ಕಳಿಸಬಹುದು, ಅಂತಿಮ ತೀರ್ಮಾನಕ್ಕೆ ಮುನ್ನ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ.

‘ಅಕ್ಕಾ, ನೀವು ಇಷ್ಟು ಚೆನ್ನಾಗಿ ಇಟ್ಕೊಂಡಿದ್ದೇ ಮುಳುವಾಯ್ತು ನೋಡಿ’ ಎಂದರು ವಿಭಾಗದ ಮುಖ್ಯಸ್ಥರು. ಆ ಪತ್ರ ಹಿಡಿದುಕೊಂಡು ಅವರೇ ಮೆಟ್ಟಿಲಿಳಿದು ಬಂದಿದ್ದರು. ಅವರು ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವರು. ಸಂಶೋಧನೆಗೆಂದು ಮೊದಲ ಸಲ ಈ ಕೋಣೆಗೆ ಬಂದಾಗ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಊರೂರು ಅಲೆದು, ಕೆಸರಲ್ಲಿ ಬಿದ್ದೆದ್ದು ಇನ್ನೂರು ಮೀನು ಹಿಡಿದು ತಂದು ಜಾಡಿಗಳಲ್ಲಿಟ್ಟು, ಒಂದೊಂದರ ಒಳಗೂ ಚೀಟಿ ಬರೆದು ಹಾಕಿದ್ದರು, ಬಾಲ್ ಪೆನ್ನಿನಲ್ಲಿ. ಇಂಥ ತಪ್ಪನ್ನು ಈ ಕೋಣೆಗೆ ಬಂದ ಹೊಸಬರು ಮಾತ್ರ ಮಾಡಬಲ್ಲರು. ಹದಿನೈದು ದಿನದಲ್ಲಿ ಸ್ಪಿರಿಟ್ಟು ಅಕ್ಷರವನ್ನೆಲ್ಲ ನುಂಗಿ ನೀಲಿಯಾಯಿತು, ಚೀಟಿಗಳು ಬೆಳ್ಳಗಾದವು. ಯಾವ ಮೀನು ಯಾವ ಹಳ್ಳದ್ದು ಎಂದು ದೇವರಿಗೂ ಗೊತ್ತಿಲ್ಲ. ಹುಡುಗ ಕಪಾಟಿನ ಹಿಂದೆ ನಿಂತು ಅಳುತ್ತಿದ್ದ. ಅವಳು ಅವನ ಟಿಪ್ಪಣಿ ಪುಸ್ತಕ ಕಿತ್ತುಕೊಂಡು, ‘ಅತ್ತಿದ್ದು ಸಾಕು, ಅಳತೆ ಓದು’ ಎಂದಳು. ನಾಲ್ಕು ದಿನ ಇಬ್ಬರೂ ಕೂತು ಒಂದೊಂದು ಮೀನನ್ನೂ ಎತ್ತಿ, ಉದ್ದ ಅಳೆದು, ರೆಕ್ಕೆಯ ಮುಳ್ಳು ಎಣಿಸಿ, ಪುಸ್ತಕದ ಜೊತೆ ತಾಳೆ ನೋಡಿ ಪೆನ್ಸಿಲ್ಲಿನಲ್ಲಿ ಹೊಸ ಚೀಟಿ ಬರೆದರು. ನೂರಾ ತೊಂಬತ್ತೊಂದು ಹೊಂದಿದವು. ಹೊಂದದ ಒಂಬತ್ತನ್ನು ಹುಡುಗ ‘ಏನೋ ಒಂದು ಬರ್ದುಬಿಡೋಣ ಅಕ್ಕ’ ಎಂದಾಗ ಅವಳು ಅವನ ಕೈಯಿಂದ ಪೆನ್ಸಿಲ್ಲು ತೆಗೆದುಕೊಂಡು, ಒಂಬತ್ತು ಚೀಟಿಯಲ್ಲೂ ‘ಸ್ಥಳ ತಿಳಿಯದು’ ಎಂದು ತಾನೇ ಬರೆದಳು. ಆ ಹುಡುಗ ಈಗ ಡಾಕ್ಟರು, ಪ್ರೊಫೆಸರು, ಮುಖ್ಯಸ್ಥರು. ಸಭೆಗಳಲ್ಲಿ ಮೇಲಿನವರ ಜೊತೆ ಜಗಳಾಡಿ ಈಗಾಗಲೇ ಇಬ್ಬರ ಹುದ್ದೆ ಉಳಿಸಿದ್ದಾರೆ, ಮೂರನೆಯದಕ್ಕೆ ಅವರ ಹತ್ತಿರ ಮಾತು ಉಳಿದಿರಲಿಲ್ಲ. ಅದಕ್ಕೇ ಉಪಾಯ ತಂದಿದ್ದರು.

‘ಒಂದೇ ಒಂದು ಸಾಲು ಬಿಟ್ಬಿಡಿ ಅಕ್ಕ. ಮುಚ್ಚಳ ಸ್ವಲ್ಪ ಸಡಿಲ ಮಾಡಿ. ಅವರು ಬರೋ ಹೊತ್ತಿಗೆ ಇಳಿದಿರುತ್ತೆ. ಅವರ ಕಣ್ಣಿಗೆ ಬೀಳ್ಲಿ. ಕಣ್ಣಿಗೆ ಬೀಳದೇ ಇರೋದನ್ನ ಬರೆಯೋಕೆ ಅವರ ನಮೂನೇಲಿ ಜಾಗಾನೇ ಇಲ್ಲ.’

‘ಹಾಳು ಮಾಡಿ ತೋರಿಸ್ಬೇಕಾ ಸರ್?’

‘ಹಾಳು ಮಾಡೋಕಲ್ಲ, ಉಳಿಸ್ಕೊಳ್ಳೋಕೆ. ನೀವು ಹೋದ್ರೆ ಈ ನಾಲ್ಕು ಸಾವಿರಾನೂ ಒಣಗುತ್ತೆ. ಅದಕ್ಕಿಂತ ಹದಿನೆಂಟು ವಾಸಿ ಅಲ್ವಾ?’

ಲೆಕ್ಕ ಸರಿಯಾಗಿಯೇ ಇತ್ತು. ಓದಿದವರ ಲೆಕ್ಕ ಯಾವಾಗಲೂ ಸರಿಯಾಗಿರುತ್ತದೆ. ಅವಳು ಆಗಲಿ ಎಂದಳು. ಆದರೆ ಯಾವ ಸಾಲು? ಹೋದರೂ ನಷ್ಟವಿಲ್ಲ ಎನ್ನುವಂಥ ಒಂದು ಸಾಲನ್ನು ಹುಡುಕಿಕೊಂಡು ಎರಡು ದಿನ ಕೋಣೆಯೊಳಗೆ ಅಲೆದಳು. ಒಂದನೆಯ ಕಪಾಟು ಆಗುವುದಿಲ್ಲ, ಅಲ್ಲಿರುವ ಮೀನು ಈಗ ಯಾವ ಹೊಳೆಯಲ್ಲೂ ಇಲ್ಲ. ಐದನೆಯದು ಹಾವು, ಅದನ್ನು ತಂದವರು ಅದರಲ್ಲೇ ಒಂದು ಕಚ್ಚಿ ಸತ್ತಿದ್ದರು, ಅದನ್ನು ಒಣಗಿಸುವುದು ಅವರನ್ನು ಎರಡನೆಯ ಸಲ ಸಾಯಿಸಿದ ಹಾಗೆ. ಏಳನೆಯದು ಬಾವಲಿ, ಬಾವಲಿಯ ರೆಕ್ಕೆ ಒಂದು ಸಲ ಒಣಗಿದರೆ ಮುಗಿಯಿತು. ಮನೆಯಲ್ಲಿ ನಾಲ್ಕು ಮಕ್ಕಳಿದ್ದವರಿಗೆ ಯಾರನ್ನು ಕೊಡುತ್ತೀರಿ ಎಂದು ಕೇಳಿದ ಹಾಗಾಯಿತು. ಕಡೆಗೆ ಕಪ್ಪೆಗಳ ಮುಂದೆ ನಿಂತಳು. ಸಾಮಾನ್ಯ ಕಪ್ಪೆಗಳು. ಹಿಂದೆ ಒಬ್ಬ ವಿದ್ಯಾರ್ಥಿನಿ ಈ ಕಟ್ಟಡದ ಹಿಂದಿನ ಕೊಳದಲ್ಲೇ ಹಿಡಿದು ತಂದದ್ದು. ಇಂಥವು ಬೇರೆಡೆ ಬೇಕಾದಷ್ಟಿವೆ ಎಂದು ಸಮಾಧಾನ ಮಾಡಿಕೊಂಡು, ಅಂದು ಸಂಜೆ ಎಲ್ಲರೂ ಹೋದ ಮೇಲೆ ಹದಿನೆಂಟು ಮುಚ್ಚಳ ತೆಗೆದು, ಗಾಳಿಯಾಡದಿರಲೆಂದು ಅಂಚಿಗೆ ಬಳಿದಿದ್ದ ವ್ಯಾಸಲೀನನ್ನು ಒರೆಸಿ ಹಾಕಿ, ಹಾಗೇ ಮುಚ್ಚಿದಳು. ಹದಿನೆಂಟೂ ಕಿರ್ ಎಂದವು. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು: ಆ ಕೊಳವನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿ ಹನ್ನೆರಡು ವರ್ಷವಾಗಿದೆ. ಆ ಕೊಳದ ಕಪ್ಪೆ ಎಂದರೆ ಈಗ ಲೋಕದಲ್ಲಿ ಇಷ್ಟೇ, ಈ ಹದಿನೆಂಟು ಜಾಡಿ. ಮರುದಿನ ಹೋಗಿ ಬದಲಾಯಿಸಬಹುದಿತ್ತು. ಬದಲಾಯಿಸಿದರೆ ಮತ್ತೆ ಎರಡು ದಿನ ಅಲೆಯಬೇಕು. ಬದಲಾಯಿಸಲಿಲ್ಲ. ಅದಾಗಿ ಇವತ್ತಿಗೆ ಐದು ವಾರ.

ಮನೆಯಲ್ಲಿ ಈ ವಿಷಯ ಹೇಳಿರಲಿಲ್ಲ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಜನರ ಬಟ್ಟೆ ಬಿಗಿ ಮಾಡಿಕೊಡುವುದು, ಸಡಿಲ ಮಾಡಿಕೊಡುವುದು. ಬಾಯಿ ಮಾತ್ರ ಯಂತ್ರಕ್ಕಿಂತ ಜೋರು. ಮಗಳ ಮದುವೆಯ ಮಾತುಕತೆಯಲ್ಲಿ ಬೀಗರು ‘ನಿಮ್ಮವರು ಯೂನಿವರ್ಸಿಟೀಲಿ ಏನ್ ಮಾಡ್ತಾರೆ?’ ಎಂದು ಕೇಳಿದಾಗ ‘ಬಾಟ್ಲಿ ತುಂಬ್ತಾಳೆ’ ಎಂದು ಎಲ್ಲರನ್ನೂ ನಗಿಸಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುವಾಗ ಆ ನಗು ಯಾಕೆ ನಕ್ಕೆ ಎಂದು ಕೈ ನಿಂತಿತ್ತು. ಇಂದು ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಗಂಡ ಕತ್ತರಿಯನ್ನು ಹೊಸ ಮಗ್ಗಿನಿಂದ ತೆಗೆದ. ವಿಶ್ವವಿದ್ಯಾಲಯ ಈ ಸಲ ಸಂಬಳ ಹೆಚ್ಚಿಸುವ ಬದಲು ಸಿಬ್ಬಂದಿ ಗೌರವ ಸಪ್ತಾಹ ಮಾಡಿ ಎಲ್ಲರಿಗೂ ಹಂಚಿದ ಮಗ್ಗು ಅದು. ‘ನೀವಿದ್ದರೆ ನಾವು’ ಎಂದು ಅಚ್ಚಾಗಿತ್ತು. ‘ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗಿಯೋದು ಅಂದ್ರೆ ಇದೇ ಕಣೇ’ ಎಂದ ಗಂಡ, ಏನೂ ಗೊತ್ತಿಲ್ಲದೆ. ಅವಳಿಗೆ ಸಿಟ್ಟು ಬಂತು, ಮಾತು ಸರಿಯಾಗಿದೆ ಎಂಬ ಕಾರಣಕ್ಕೆ. ಆ ಸಪ್ತಾಹದಲ್ಲಿ ದೊಡ್ಡ ಸಭಾಂಗಣದ ವೇದಿಕೆಗೆ ಒಬ್ಬೊಬ್ಬರನ್ನೇ ಕರೆದು ಪ್ರಶಂಸಾ ಪತ್ರ ಕೊಟ್ಟಿದ್ದರು. ಅವಳೂ ಹತ್ತಿದಳು, ಕೈ ಕುಲುಕಿದಳು, ಫೋಟೋಗೆ ಹಲ್ಲು ತೋರಿಸಿದಳು, ಇಳಿದು ಬಂದು ಓದಿದರೆ ‘ಶುಚಿತ್ವ ವಿಭಾಗದಲ್ಲಿ ಸಲ್ಲಿಸಿದ ಅಮೂಲ್ಯ ಸೇವೆಗಾಗಿ’ ಎಂದಿತ್ತು. ಪಕ್ಕದಲ್ಲಿ ಕೂತಿದ್ದವಳು ನಿಜವಾಗಿಯೂ ಶುಚಿತ್ವ ವಿಭಾಗದವಳು, ಇಪ್ಪತ್ತು ವರ್ಷದ ಗೆಳತಿ, ಇಡೀ ಕಟ್ಟಡದ ನೆಲ ಒರೆಸುವವಳು. ‘ಬಿಡೇ, ನಂದೂ ನಿಂದೂ ಒಂದೇ ಆಯ್ತು’ ಎಂದು ನಕ್ಕಳು. ನಗಲಾರದೆ ಮುಖ ಬಿಗಿದುಕೊಂಡದ್ದು ತಾನು. ನೆಲ ಒರೆಸುವ ಕೆಲಸವೇನು ಕಡಿಮೆಯೇ? ಇಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದವಳು ಒಳಗೆ ಹಾಗೆಂದುಕೊಂಡಿರಲಿಲ್ಲ ಎಂದು ಆ ಹೊತ್ತು ತನಗೇ ತಿಳಿದುಹೋಯಿತು. ಗೆಳತಿಗೂ ತಿಳಿಯಿತೋ ಏನೋ. ಒಂದು ವಾರ ಅವಳ ಮುಖ ನೋಡಿ ಮಾತಾಡಲು ಆಗಿರಲಿಲ್ಲ.

ಹತ್ತು ಗಂಟೆ ಹೊಡೆಯಿತು. ಎದ್ದು ಕಿಟಕಿ ತೆರೆಯುವ ನೆಪ ಮಾಡಿಕೊಂಡು ತಿರುಗಿದಳು. ತಿರುಗಿದ್ದೇ ತಪ್ಪಾಯಿತು. ಹದಿನೆಂಟು ಜಾಡಿಗಳಲ್ಲೂ ಸ್ಪಿರಿಟ್ಟು ಎರಡು ಬೆರಳು, ಮೂರು ಬೆರಳು ಇಳಿದಿತ್ತು. ಕೆಲವು ಕಪ್ಪೆಗಳ ಮೂಗಿನವರೆಗೆ ಬಂದು ನಿಂತಿತ್ತು, ಒಂದೆರಡರ ಕಣ್ಣು ಮೇಲಿದ್ದವು. ಬದುಕಿದ್ದ ಕಾಲದಲ್ಲಿ ಕೊಳದಲ್ಲಿ ಹೀಗೇ ತಲೆ ಎತ್ತಿಕೊಂಡಿದ್ದವೇನೋ. ಕೊನೆಯ ಜಾಡಿಯ ಹತ್ತಿರ ಬಗ್ಗಿದಳು. ಅದರ ಮುಚ್ಚಳದ ಅಂಚು ಒಂದು ಕಡೆ ಚೂರು ಒಡೆದಿತ್ತು, ಅದು ತನಗೆ ಗೊತ್ತಿತ್ತು, ಗೊತ್ತಿದ್ದೂ ವ್ಯಾಸಲೀನು ಒರೆಸಿದ್ದಳು. ಅದರೊಳಗಿನ ದೊಡ್ಡ ಕಪ್ಪೆಯ ಬೆನ್ನು ಪೂರ್ತಿ ಹೊರಗೆ ಬಂದು ಕಂದುಬಣ್ಣಕ್ಕೆ ತಿರುಗಿ, ಬಿಸಿಲಿಗೆ ಬಿಟ್ಟ ಹಳೆ ಚಪ್ಪಲಿಯ ಹಾಗೆ ಸೆಟೆದು ಬಿರುಕು ಬಿಟ್ಟಿತ್ತು. ಕೆಳಗೆ ಚೀಟಿಯಲ್ಲಿ ಆ ವಿದ್ಯಾರ್ಥಿನಿಯ ಅಕ್ಷರ, ಪೆನ್ಸಿಲ್ಲಿನದು, ನಿನ್ನೆ ಬರೆದಷ್ಟು ಸ್ಪಷ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಮುದುಕ ಪ್ರತಿ ಬಾರಿ ಯಾರಾದರೂ ಜಾಡಿ ಒಡೆದಾಗ ಹೇಳುತ್ತಿದ್ದ. ದೊಣ್ಣೆ ಹಿಡಿದವಳು ತಾನೇ ಆದಾಗ ಏನು ಹೇಳುತ್ತಿದ್ದನೋ. ಉಪಾಯ, ಲೆಕ್ಕ, ಹದಿನೆಂಟು ವಾಸಿಯೋ ನಾಲ್ಕು ಸಾವಿರ ವಾಸಿಯೋ, ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ತನ್ನ ಕೋಣೆಯೊಳಗೆ ಹೊರಗಿನವರೊಬ್ಬರು ಬಂದು ಈ ಸಾಲಿನ ಮುಂದೆ ನಿಂತು ಅಯ್ಯೋ ಎನ್ನುವುದು, ಅದು ಮಾತ್ರ ಕಣ್ಣಿಗೆ ಕಟ್ಟಿತು. ಆ ‘ಅಯ್ಯೋ’ದಿಂದ ಸಿಗುವ ಸಂಬಳವನ್ನು ತಿನ್ನುವುದು ಹೇಗೆ? ಏಪ್ರನ್ನಿನ ದಾರ ಬಿಗಿದು ಕಟ್ಟಿ, ಅಳತೆಯ ಗಾಜು ಕೈಗೆತ್ತಿಕೊಂಡಳು.

ಒಂದು ಸಲ ಕೈ ಶುರು ಮಾಡಿದ ಮೇಲೆ ಮನಸ್ಸು ತಾನಾಗಿ ತಣ್ಣಗಾಯಿತು. ಮುಚ್ಚಳ ತೆಗೆ, ಅಳೆ, ಬೆರೆಸು, ಜಾಡಿಯ ಒಳಗೋಡೆಯ ಮೇಲೆ ಜಾರಿಬಿಡು, ನೇರ ಸುರಿದರೆ ಚೀಟಿ ಏಳುತ್ತದೆ. ಅಂಚಿಗೆ ಬೆರಳಿನಿಂದ ವ್ಯಾಸಲೀನು, ಮುಚ್ಚಳ ಇಟ್ಟು ಅರ್ಧ ಸುತ್ತು. ಸದ್ದಿಲ್ಲ. ಮುಂದಿನದು. ಹದಿನೇಳು ಕಪ್ಪೆಜಾಡಿಗಳು ಒಂದರ ಹಿಂದೆ ಒಂದು ತುಂಬಿ ನಿಂತವು. ಅವಳಿಗೆ ಹೆಮ್ಮೆಯಾಯಿತು. ಇಂಥ ಹೊತ್ತಿನಲ್ಲಿ ಹೆಮ್ಮೆ ಪಡುವುದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳಲಿಲ್ಲ. ಈ ವೇಗದಲ್ಲಿ, ಈ ಅಳತೆಯಲ್ಲಿ ಈ ಕೆಲಸವನ್ನು ಮಾಡಬಲ್ಲವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಅದು ಜಂಬವಲ್ಲ, ಇರುವ ವಿಷಯ. ಹದಿನೆಂಟನೆಯದನ್ನೂ ತುಂಬಿದಳು, ಒಡೆದ ಮುಚ್ಚಳದ ಬದಲು ಬೇರೆ ಹಾಕಿದಳು. ಕಪ್ಪೆ ಪೂರ್ತಿ ಮುಳುಗಿತು, ಆದರೆ ಬೆನ್ನಿನ ಬಿರುಕು ಹಾಗೇ ಇತ್ತು. ಅದು ಇನ್ನು ಹೋಗುವುದಿಲ್ಲ. ಜಾಡಿಯನ್ನು ಅರ್ಧ ತಿರುಗಿಸಿದರೆ ಬಿರುಕು ಗೋಡೆಯ ಕಡೆಗೆ ಹೋಗುತ್ತದೆ, ಮುಂದಿನಿಂದ ನೋಡಿದವರಿಗೆ ಬಿಳಿ ಹೊಟ್ಟೆ ಕಾಣುತ್ತದೆ. ತಿರುಗಿಸಿದಳು. ತಿರುಗಿಸಿ ಕೈ ತೊಳೆಯುತ್ತಿರುವಾಗಲೇ ಮೆಟ್ಟಿಲ ಮೇಲೆ ಎರಡು ಜೊತೆ ಬೂಟಿನ ಸದ್ದು ಕೇಳಿಸಿತು.

ಅಧಿಕಾರಿ ತೆಳ್ಳಗೆ, ಉದ್ದಕ್ಕೆ, ನೆಗಡಿಯಾದವರ ಹಾಗೆ ಮೂಗೊರೆಸಿಕೊಳ್ಳುತ್ತ ಬಂದರು. ವಾಸನೆಗೆ ಇರಬೇಕು. ಹಿಂದೆ ಮುಖ್ಯಸ್ಥರು. ‘ಈ ಕಡೆ ಬನ್ನಿ ಸರ್, ಮೊದ್ಲು ಈ ಮೂರನೇ ಕಪಾಟು ನೋಡ್ಬಿಡಿ’ ಎಂದು ಉತ್ಸಾಹದಿಂದ ಕರೆತಂದವರು ಕೆಳಗಿನ ಸಾಲು ನೋಡಿ ಬಾಯಿ ತೆರೆದುಕೊಂಡು ನಿಂತರು. ಹದಿನೆಂಟೂ ತುಂಬಿ ತುಳುಕುತ್ತಿದ್ದವು. ಅವರು ಅವಳ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬಾಲ್ ಪೆನ್ನಿನ ಹುಡುಗನ ಮುಖವಿತ್ತು.

‘ಏನು ವಿಶೇಷ ಇದರಲ್ಲಿ?’ ಎಂದರು ಅಧಿಕಾರಿ.

‘ಇಲ್ಲ... ಕಪ್ಪೆಗಳು’ ಎಂದರು ಮುಖ್ಯಸ್ಥರು.

ಅಧಿಕಾರಿ ಕೋಣೆಯ ಸುತ್ತ ಕಣ್ಣಾಡಿಸಿದರು. ಸಾಲು ಸಾಲು ಜಾಡಿ, ಎಲ್ಲದರ ನೀರೂ ಒಂದೇ ಮಟ್ಟ, ನೆಲದ ಮೇಲೆ ಒಂದು ಹನಿ ಇಲ್ಲ. ‘ಎಲ್ಲ ಅಚ್ಚುಕಟ್ಟಾಗಿದೆ. ಹಾಗೆ ನೋಡಿದ್ರೆ ಇಲ್ಲಿ ದಿನಾ ಮಾಡೋಕೆ ಏನಿದೆ ಅಂತಾನೇ ನಮ್ಮ ಕಚೇರಿ ಪ್ರಶ್ನೆ. ಬೀಗ ಹಾಕಿ ಇಟ್ರೂ ಹೀಗೇ ಇರುತ್ತಲ್ವಾ?’ ಎಂದು, ಉತ್ತರಕ್ಕೆ ಕಾಯದೆ ಫೈಲು ತೆರೆದು ನಿಂತಲ್ಲೇ ಬರೆಯತೊಡಗಿದರು. ಬರೆಯುವಾಗ ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುವ ಅಭ್ಯಾಸ ಅವರಿಗೆ. ‘ಮಾದರಿಗಳ ಸ್ಥಿತಿ... ಉತ್ತಮ. ಕಂಡುಬಂದ ಲೋಪ...’

ಇಷ್ಟು ಸಾಕಿತ್ತು. ಲೋಪ ಇಲ್ಲ ಎಂದು ಬರೆದುಕೊಂಡು ಹೋಗಲಿ, ಹುದ್ದೆ ಹೋದರೂ ಹೆಸರು ಉಳಿಯುತ್ತದೆ ಎಂದು ಅವಳೊಳಗೆ ಒಂದು ದನಿ ಹೇಳಿತು. ಆದರೆ ಕಾಲು ಸುಮ್ಮನಿರಲಿಲ್ಲ. ಮಾಡದ ಕೆಲಸ ಹೇಳಿ ಕೊಟ್ಟ ಪ್ರಶಂಸಾ ಪತ್ರ ಒಂದು ಸಾಕಾಗಿತ್ತು, ಇನ್ನೊಂದು ಬೇಡ.

‘ಒಂದಿದೆ ಸರ್’ ಎಂದಳು.

ಇಬ್ಬರೂ ತಿರುಗಿದರು. ಅವಳು ಕೆಳಗಿನ ಸಾಲಿನ ಕೊನೆಯ ಜಾಡಿಯನ್ನು ಎತ್ತಿ ಮೇಜಿನ ಮೇಲಿಟ್ಟು, ಬೆನ್ನು ಕಾಣುವ ಹಾಗೆ ತಿರುಗಿಸಿದಳು. ಅಧಿಕಾರಿ ಬಗ್ಗಿ ನೋಡಿ, ಮುಖ ಕಿವುಚಿ ಹಿಂದೆ ಸರಿದರು. ‘ಏನಾಗಿದೆ ಇದಕ್ಕೆ?’

‘ಒಣಗಿ ಸೀಳಿದೆ. ಇನ್ನು ಸರಿಯಾಗಲ್ಲ. ಐದು ವಾರ ನಾನು ಈ ಸಾಲನ್ನ ಮುಟ್ಲಿಲ್ಲ. ಬೆಳಗ್ಗೆ ತುಂಬಿದೆ, ಹದಿನೇಳು ಉಳಿದ್ವು, ಇದು ಉಳೀಲಿಲ್ಲ.’

‘ಹುಷಾರಿರ್ಲಿಲ್ವಾ ನಿಮಗೆ?’ ಅಧಿಕಾರಿಯ ದನಿಯಲ್ಲಿ ನಿಜವಾದ ಕಾಳಜಿಯೇ ಇತ್ತು. ಹೂಂ ಎಂದರೆ ಮುಗಿಯುತ್ತಿತ್ತು.

‘ಗುಂಡುಕಲ್ಲಿನ ಹಾಗಿದ್ದೆ ಸರ್. ಬೇಕು ಅಂತಲೇ ಬಿಟ್ಟೆ. ಒಣಗಿದ್ದು ತೋರ್ಸಿದ್ರೆ ನನ್ನ ಇಟ್ಕೋತೀರಿ ಅಂತ.’ ಜಾಡಿಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದಳು. ‘ಆಮೇಲೆ ಮನಸ್ಸು ತಡೀಲಿಲ್ಲ. ತಪ್ಪು ನಂದು. ಬರ್ಕೊಳ್ಳಿ.’

‘ಇಲ್ಲ ಸರ್, ನಂದು’ ಎಂದರು ಮುಖ್ಯಸ್ಥರು. ಅವರ ಕಿವಿ ಕೆಂಪಾಗಿತ್ತು. ‘ಅಕ್ಕ ಬೇಡ ಅಂದ್ರು. ನಾನೇ ಒತ್ತಾಯ ಮಾಡಿ ಮಾಡಿಸ್ದೆ. ಕ್ರಮ ಅಂತ ತಗೊಳ್ಳೋದಾದ್ರೆ ನನ್ನ ಮೇಲೆ ತಗೊಳ್ಳಿ.’

ಅವಳಿಗೆ ಆ ಕ್ಷಣ ತನ್ನ ಹುದ್ದೆ ಮರೆತೇ ಹೋಯಿತು. ಹೊಂದದ ಮೀನಿಗೆ ಏನೋ ಒಂದು ಬರೆದುಬಿಡೋಣ ಎಂದಿದ್ದ ಹುಡುಗ ಇವನೇ. ಇವನಿಗೆ ಮೀನಿನ ಹೆಸರು ಕಲಿಸಿದವರು ಬೇರೆ ಇರಬಹುದು, ಈ ಮಾತು ಹೇಳುವುದನ್ನು ಕಲಿತದ್ದು ಈ ಕೋಣೆಯಲ್ಲೇ ಎಂದು ಎದೆ ತುಂಬಿ ಬಂತು. ಹೆತ್ತ ಮಗಳು ಪಾಸಾದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲವೇನೋ, ಅದನ್ನು ಯಾರಿಗೂ ಹೇಳುವ ಹಾಗಿಲ್ಲ.

ಅಧಿಕಾರಿ ಇಬ್ಬರನ್ನೂ ನೋಡಲಿಲ್ಲ. ಕಪ್ಪೆಯನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಇನ್ನೂ ಹತ್ತಿರ ಬಗ್ಗಿದರು.

‘ಐದೇ ವಾರಕ್ಕಾ?’

‘ಐದೇ ವಾರಕ್ಕೆ. ಮುಚ್ಚಳ ಸಡಿಲ ಮಾಡಿದ್ದಕ್ಕೆ ಬೇಗ ಆಯ್ತು. ಮಾಡ್ದೆ ಇದ್ರೆ ಐದಾರು ತಿಂಗಳು.’

ಅವರು ಮೆಲ್ಲಗೆ ನೆಟ್ಟಗಾಗಿ ಕೋಣೆಯನ್ನು ಇನ್ನೊಂದು ಸಲ ನೋಡಿದರು. ಬಾಗಿಲಿನಿಂದ ಕಿಟಕಿಯವರೆಗೆ, ನೆಲದಿಂದ ಸೂರಿನವರೆಗೆ. ಬಂದಾಗ ನೋಡಿದ್ದು ಇದನ್ನೇ, ಆದರೆ ಈಗ ಕಣ್ಣು ಒಂದೊಂದು ಜಾಡಿಯ ಮೇಲೂ ನಿಂತು ನಿಂತು ಮುಂದೆ ಹೋಗುತ್ತಿತ್ತು. ಹೊರಗೆ ಯಾರೋ ಕಾರು ಹಿಂದಕ್ಕೆ ತೆಗೆಯುವ ಸದ್ದು ಕೇಳಿಸಿತು. ಆಮೇಲೆ ಅವರು ಪೆನ್ನು ತೆಗೆದು ‘ಲೋಪ... ಒಂದು’ ಎಂದು ಬರೆದರು. ಇಪ್ಪತ್ತಾರು ವರ್ಷದಲ್ಲಿ ಮೊದಲನೆಯದು. ಅಕ್ಷರ ಕಾಗದದ ಮೇಲೆ ಮೂಡುವುದನ್ನು ಅವಳು ಕಣ್ಣು ಕೀಳದೆ ನೋಡಿದಳು, ನೋವಾಯಿತು, ಆದರೆ ತಲೆ ತಗ್ಗಿಸಲಿಲ್ಲ.

‘ಕಾರಣ ಅಂತ ಕೇಳಿದೆ ಇದರಲ್ಲಿ. ಏನು ಬರೀಲಿ?’ ಎಂದು ಅವರು ಕೇಳಿದರು, ಮುಖ್ಯಸ್ಥರನ್ನಲ್ಲ, ಅವಳನ್ನು.

‘ಐದು ವಾರ ನೋಡ್ಕೊಳ್ಳೋರು ಇರ್ಲಿಲ್ಲ ಅಂತ ಬರೀರಿ.’

ಅವರು ಹಾಗೆಯೇ ಬರೆದರು. ಬರೆದು ಒಂದು ಗಳಿಗೆ ಅದನ್ನೇ ಓದುತ್ತ ನಿಂತರು. ‘ನಾನು ಮಾತು ಕೊಡೋಕಾಗಲ್ಲಮ್ಮ. ತೀರ್ಮಾನ ಮಾಡೋರು ನನಗಿಂತ ಮೇಲಿದ್ದಾರೆ.’

‘ಗೊತ್ತು ಸರ್’ ಎಂದಳು ಅವಳು. ‘ಆದ್ರೆ ಲೋಪ ಒಂದೇ ಅಂತ ಬರ್ದಿದ್ದೀರಿ. ನೀವು ಉಳಿದಿದ್ದು ನೋಡೇ ಇಲ್ಲ. ಬನ್ನಿ, ಒಂದನೇ ಕಪಾಟಿಂದ ಶುರು ಮಾಡೋಣ.’

ಮುಖ್ಯಸ್ಥರು ಗಾಬರಿಯಿಂದ ಗಡಿಯಾರ ನೋಡಿಕೊಂಡರು. ಅಧಿಕಾರಿ ನೋಡಿಕೊಳ್ಳಲಿಲ್ಲ. ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅವಳ ಹಿಂದೆ ಹೋಗಿ, ಮೊದಲನೆಯ ಜಾಡಿಯ ಮುಂದೆ ಬಗ್ಗಿದರು.